ಕಿವಿಗೂ ಉಂಟು ಪರಿಮಾಣ ವ್ರತ

ಉಪವಾಸವೆಂದೊಡನೆ ಸಾಮಾನ್ಯವಾಗಿ ಮನಸ್ಸಿಗೆ ಬರುವುದು ಅನ್ನಪಾನಗಳ ತ್ಯಾಗ. ಅಷ್ಟಮಿ ಚತುರ್ದಶಿಗಳಂದು ಚತುರ್ವಿಧ ಆಹಾರವನ್ನು ಬಿಟ್ಟ ಶ್ರಾವಕನು ವ್ರತವು ಪೂರ್ಣವಾಯಿತೆಂದು ತೃಪ್ತಿಪಡುವುದುಂಟು. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಉಪವಾಸ ಎಂಬ ಪದವನ್ನು ಬಿಡಿಸಿ ಹೇಳುವಾಗ ಇನ್ನೂ ಆಳಕ್ಕೆ ಹೋಗುತ್ತಾರೆ. ಶಬ್ದವೇ ಮೊದಲಾದ ವಿಷಯಗಳ ಕಡೆಗಿನ ಆತುರವನ್ನು ತೊರೆದು ಐದು ಇಂದ್ರಿಯಗಳೂ ಒಳಕ್ಕೆ ಬಂದು ನೆಲಸುವುದೇ ಉಪವಾಸವೆಂಬುದು ಅವರ ವಿವರಣೆಯ ಸಾರ. ಅಲ್ಲಿ ಮೊದಲು ಬಂದಿರುವುದು ಶಬ್ದದ ಹೆಸರು. ಹೊಟ್ಟೆ ಬರಿದಾಗಿದ್ದು ಕಿವಿ ಮಾತ್ರ ಹಗಲಿರುಳು ಉಣ್ಣುತ್ತಿದ್ದರೆ ಆ ಉಪವಾಸವು ಪೂರ್ಣವೆನಿಸೀತೆ ಎಂಬ ಪ್ರಶ್ನೆಯನ್ನು ಇಂದಿನ ಗೃಹಸ್ಥನು ತನಗೆ ತಾನೇ ಹಾಕಿಕೊಳ್ಳಬೇಕಾಗಿದೆ.

ಈ ಪ್ರಶ್ನೆ ಹಿಂದೆಂದಿಗಿಂತ ಇಂದು ಹೆಚ್ಚು ಅಗತ್ಯವಾದುದು. ಮನೆಗೊಂದು ರೇಡಿಯೋ ಇದ್ದ ಕಾಲದಲ್ಲಿ ಕೇಳುವುದಕ್ಕೆ ತಾನಾಗಿಯೇ ಒಂದು ಮಿತಿಯಿತ್ತು. ಕಾರ್ಯಕ್ರಮ ಮುಗಿದರೆ ಧ್ವನಿಯೂ ಮುಗಿಯುತ್ತಿತ್ತು. ಈಗ ಸ್ಟ್ರೀಮಿಂಗ್ ಎಂಬ ವ್ಯವಸ್ಥೆಯಲ್ಲಿ ತಿಂಗಳ ಚಂದಾ ಕೊಟ್ಟವನಿಗೆ ಹತ್ತು ಕೋಟಿಗೂ ಮಿಕ್ಕಿದ ಹಾಡುಗಳು ಬೆರಳ ತುದಿಯಲ್ಲಿವೆ. ಒಂದು ಹಾಡು ಮುಗಿದೊಡನೆ, ಕೇಳದಿದ್ದರೂ, ಮತ್ತೊಂದು ತಾನಾಗಿ ಬರುತ್ತದೆ. ಅವನ್ನು ಕೇಳಲು ಹೈ-ಫಿ ಎಂದು ಹೆಸರಾದ ಸ್ಪೀಕರ್, ಆಂಪ್ಲಿಫೈಯರ್, ಡಿಜಿಟಲ್ ಸಂಕೇತವನ್ನು ಧ್ವನಿಗೆ ತಿರುಗಿಸುವ ಪರಿವರ್ತಕ, ಬಗೆಬಗೆಯ ಕೇಬಲ್ಲುಗಳು ಬಂದಿವೆ. ಇಂದು ಕೊಂಡದ್ದು ನಾಳೆ ಹಳತೆನಿಸುತ್ತದೆ.

ಆಚಾರ್ಯರು ಇದನ್ನು ಮುನ್ನವೇ ಕಂಡಿದ್ದರೋ ಎಂಬಂತೆ ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವೆಂಬ ಗುಣವ್ರತವನ್ನು ವಿಧಿಸಿದ್ದಾರೆ. ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ. ಮತ್ತೆ ಮತ್ತೆ ಅನುಭವಿಸತಕ್ಕದ್ದು ಉಪಭೋಗ. ಮಿತಿಗೊಳಿಸಬೇಕಾದವುಗಳ ಪಟ್ಟಿಯಲ್ಲಿ ಅವರು ಭೋಜನ, ವಾಹನ, ಶಯನ, ತಾಂಬೂಲ, ವಸ್ತ್ರ, ಭೂಷಣಗಳ ಜೊತೆಗೆ ಸಂಗೀತವನ್ನೂ ಗೀತವನ್ನೂ ಹೆಸರಿಸಿದ್ದಾರೆ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಕಾಲದ ಅಳತೆಯನ್ನೂ ತೋರಿಸಿದ್ದಾರೆ. ಕಾಲವನ್ನು ಗೊತ್ತುಮಾಡಿ ಬಿಡುವುದು ನಿಯಮ. ಜೀವನಪರ್ಯಂತ ಬಿಡುವುದು ಯಮ. ಗೃಹಸ್ಥನು ಸಂಗೀತವನ್ನೇ ಕೇಳಬಾರದೆಂದು ಇಲ್ಲಿ ಹೇಳಿಲ್ಲ. ಅಳತೆಯಿಲ್ಲದೆ ಕೇಳಬಾರದೆಂದು ಹೇಳಿದೆ.

ಕೆಲವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಸ್ಟ್ರೀಮಿಂಗ್‌ನಲ್ಲಿ ಮನೆಗೆ ಯಾವ ವಸ್ತುವೂ ಬರುವುದಿಲ್ಲ, ಧ್ವನಿಮುದ್ರಿಕೆಗಳ ರಾಶಿಯಿಲ್ಲ, ಆದುದರಿಂದ ಅದು ಪರಿಗ್ರಹವಾಗದು ಎಂಬುದು ಅವರ ವಾದ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನ ತೂಕದಿಂದ ಅಳೆಯದೆ ಮೂರ್ಛೆಯಿಂದ, ಎಂದರೆ ಮಮತ್ವದಿಂದ ಅಳೆಯುತ್ತದೆ. ಕಪಾಟು ಬರಿದಾಗಿದ್ದು ಚಿತ್ತವು ತುಂಬಿ ತುಳುಕುತ್ತಿದ್ದರೆ ಪರಿಗ್ರಹವು ಎಳ್ಳಷ್ಟೂ ಕಡಿಮೆಯಾಗಿಲ್ಲ. ಸಂಖ್ಯೆಗೆ ಸಿಗದ ಇಂತಹ ಭೋಗಕ್ಕೆ ಕಾಲದ ಪರಿಮಾಣವೇ ತಕ್ಕ ಕಟ್ಟು. ಇಷ್ಟು ಹಾಡುಗಳೆಂಬ ನಿಯಮವು ಸಡಿಲವಾದೀತು. ಇಷ್ಟು ನಿಮಿಷಗಳೆಂಬ ನಿಯಮವು ನಿಲ್ಲುತ್ತದೆ.

ಹೈ-ಫಿ ಎಂದರೆ ಮೂಲಧ್ವನಿಗೆ ನಿಷ್ಠವಾದ ಪ್ರತಿಕೃತಿ. ಪ್ರತಿಕೃತಿಯ ಮಾತು ಬಂದಾಗ ಜೈನರಿಗೆ ನೀಲಾಂಜನೆಯ ಪ್ರಸಂಗವು ನೆನಪಾಗದಿರದು. ಪಂಪ ಮಹಾಕವಿಯು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣದಿಂದ ಕನ್ನಡಿಗರ ಮನೆಮಾತಾದ ಕಥೆಯಿದು. ವೃಷಭದೇವನ ಸಭೆಯಲ್ಲಿ ನರ್ತಿಸುತ್ತಿದ್ದ ನೀಲಾಂಜನೆಯ ಆಯುಷ್ಯವು ನಡುನೃತ್ಯದಲ್ಲಿ ತೀರಿತು. ರಸಭಂಗವಾಗದಂತೆ ಇಂದ್ರನು ತತ್‌ಕ್ಷಣ ಅವಳಂತೆಯೇ ಇರುವ ಮತ್ತೊಬ್ಬಳನ್ನು ನಿರ್ಮಿಸಿದನು. ಅದೇ ರೂಪ, ಅದೇ ಲಯ. ಸಭೆಗೆ ವ್ಯತ್ಯಾಸವೇ ತಿಳಿಯಲಿಲ್ಲ, ದೇವನೊಬ್ಬನೇ ಕಂಡನು. ಪ್ರತಿಕೃತಿಯ ಸೊಬಗಿಗೆ ಮರುಳಾಗದೆ ಅದರ ಹಿಂದಿನ ಅನಿತ್ಯತೆಯನ್ನು ಕಂಡುದೇ ಅವನ ವೈರಾಗ್ಯಕ್ಕೆ ಕಾರಣವಾಯಿತು. ಎಷ್ಟು ಬೆಲೆಯ ಯಂತ್ರವಾದರೂ ಮಾಡುವುದು ಇಂದ್ರನ ಕೆಲಸವನ್ನೇ. ವೃಷಭದೇವನ ದೃಷ್ಟಿಯನ್ನು ಅದು ಕೊಡಲಾರದು.

ಲೌಕಿಕ ವಿಜ್ಞಾನವೂ ಈ ತೃಷ್ಣೆಯ ಪೊಳ್ಳುತನವನ್ನು ತೋರಿಸುತ್ತದೆ. ಆರೋಗ್ಯವಂತ ಯುವಕನ ಕಿವಿಗೆ ಕೇಳುವುದು ಸುಮಾರು 20ರಿಂದ 20,000 ಹರ್ಟ್ಜ್‌ವರೆಗಿನ ಕಂಪನಗಳು. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತದೆ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯು ಸೆಕೆಂಡಿಗೆ 44,100 ಮಾದರಿಗಳನ್ನು ಹಿಡಿದು ಈ ವ್ಯಾಪ್ತಿಯನ್ನು ಆಗಲೇ ತುಂಬಿತ್ತು. 2007ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಮೇಯರ್ ಮತ್ತು ಮೊರಾನರ ಪ್ರಯೋಗದಲ್ಲಿ, ಅದಕ್ಕಿಂತ ಉನ್ನತ ದರ್ಜೆಯ ಧ್ವನಿಯನ್ನೂ ಅದನ್ನೇ ಸಿ.ಡಿ. ಮಟ್ಟಕ್ಕೆ ಇಳಿಸಿದ ಧ್ವನಿಯನ್ನೂ ಗುರುತಿಸಲು ಕೇಳುಗರಿಗೆ ಹೇಳಲಾಯಿತು. 554 ಬಾರಿಯಲ್ಲಿ 276 ಉತ್ತರಗಳು ಸರಿಯಾದವು. ನಾಣ್ಯ ಚಿಮ್ಮಿ ಹೇಳಿದ್ದರೂ ಇಷ್ಟೇ ಸರಿಯಾಗುತ್ತಿತ್ತು. ಇಂತಹ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ನಡೆದ ಪರಿಶೀಲನೆಯಲ್ಲಿ ಸರಿಯುತ್ತರಗಳು ಶೇಕಡಾ 52ರಷ್ಟಿದ್ದವು. ತರಬೇತಿ ಪಡೆದವರಲ್ಲಿ ಮಾತ್ರ ಕೆಲಮಟ್ಟಿಗೆ ಹೆಚ್ಚು. ಆಂಪ್ಲಿಫೈಯರಿನ ಶಕ್ತಿಯ ಲೆಕ್ಕವೂ ಹೀಗೆಯೇ. 50 ವ್ಯಾಟ್‌ನಿಂದ 100 ವ್ಯಾಟ್‌ಗೆ ಏರಿದರೆ ದೊರೆಯುವುದು 3 ಡೆಸಿಬೆಲ್ ಮಾತ್ರ. ಧ್ವನಿಯು ಇಮ್ಮಡಿಯಾದಂತೆ ತೋರಬೇಕಾದರೆ ಶಕ್ತಿಯು ಸುಮಾರು ಹತ್ತು ಮಡಿಯಾಗಬೇಕು. ವೆಚ್ಚವು ಬೆಟ್ಟದಂತೆ ಬೆಳೆಯುತ್ತದೆ, ಸುಖವು ಸಾಸಿವೆಯಷ್ಟು ಹೆಚ್ಚುತ್ತದೆ.

ಹಾಗಾದರೆ ಯಂತ್ರದಿಂದ ಯಂತ್ರಕ್ಕೆ ಗೃಹಸ್ಥನನ್ನು ಓಡಿಸುವುದು ಯಾವುದು? ಸಮಂತಭದ್ರಸ್ವಾಮಿಗಳು ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲೇ ಉತ್ತರವಿದೆ. ವಿಷಯವು ವಿಷವೆಂದರಿತೂ ಅದರಲ್ಲಿ ಆದರವನ್ನು ಬಿಡದಿರುವುದು ಅನುಪೇಕ್ಷೆ. ಅನುಭವಿಸಿದ ಸುಖವನ್ನೇ ಮೆಲುಕುಹಾಕುವುದು ಅನುಸ್ಮೃತಿ. ಕೈಯಲ್ಲಿರುವುದರಲ್ಲಿ ಅತಿಯಾಗಿ ಲಂಪಟನಾಗುವುದು ಅತಿಲೌಲ್ಯ. ಮುಂದೆ ಬರುವ ಹೊಸ ಮಾದರಿಗಾಗಿ ಬಾಯಾರುವುದು ಅತಿತೃಷೆ. ನಿಯತಕಾಲದಲ್ಲಿಯೂ ಅಳತೆಮೀರಿ ಅನುಭವಿಸುವುದು ಅನುಭವ. ರಾಗವನ್ನು ಕೇಳುತ್ತಿರುವಾಗಲೇ ಗಾಯಕನನ್ನು ಮರೆತು ಸ್ಪೀಕರಿನ ದೋಷವನ್ನು ಹುಡುಕುವವನಿಗೆ ಈ ಐದೂ ಒಟ್ಟಿಗೆ ಅಂಟಿರುತ್ತವೆ. ಅವನಿಗೆ ಸಂಗೀತದ ಸುಖವೂ ಇಲ್ಲ, ವ್ರತದ ಫಲವೂ ಇಲ್ಲ.

ದೃಷ್ಟಾಂತಕ್ಕಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಗೃಹಸ್ಥನು ವರ್ಷಕ್ಕೊಂದು ಸ್ಪೀಕರ್ ಬದಲಿಸುತ್ತಾನೆ. ಸ್ವಾಧ್ಯಾಯಕ್ಕೆಂದು ಹಿರಿಯರು ಬಿಟ್ಟಿದ್ದ ಕೋಣೆಯನ್ನು ಯಂತ್ರಗಳು ಆಕ್ರಮಿಸಿವೆ. ದಶಲಕ್ಷಣ ಪರ್ವದ ಕಡೆಯ ದಿನ, ಅನಂತ ಚತುರ್ದಶಿ. ಕಣ್ಣು ಮಂಜಾದ ವೃದ್ಧ ತಾಯಿ ಉಪವಾಸದಲ್ಲಿದ್ದಾಳೆ. ಸಂಜೆ ಮಗನನ್ನು ಕರೆದು ಶಾಸ್ತ್ರವನ್ನು ಓದಲು ಹೇಳುತ್ತಾಳೆ. "ಅಮ್ಮಾ, ಅದರ ಧ್ವನಿಮುದ್ರಣವೇ ಇದೆ. ಹೊಸ ಸ್ಪೀಕರಿನಲ್ಲಿ ಹಾಕುತ್ತೇನೆ, ಸ್ಪಷ್ಟವಾಗಿ ಕೇಳುತ್ತದೆ" ಎನ್ನುತ್ತಾನೆ ಮಗ. ತಾಯಿ ಹೇಳುತ್ತಾಳೆ: "ಬೇಡಪ್ಪಾ. ನನಗೊಬ್ಬಳಿಗೇ ಕೇಳಿದರೆ ಸಾಲದು, ಓದುವವನ ಕಿವಿಗೂ ಬೀಳಬೇಕು. ಅದಕ್ಕೇ ನಿನ್ನನ್ನು ಕರೆದೆ."

ಆ ತಾಯಿಯ ಮಾತಿಗೆ ಶಾಸ್ತ್ರಾಧಾರವಿದೆ. ಉಪವಾಸದ ದಿನ ಶ್ರಾವಕನು ಆಲಸ್ಯವನ್ನು ಬಿಟ್ಟು ಧರ್ಮಾಮೃತವನ್ನು ಕಿವಿಗಳಿಂದ ತಾನೂ ಕುಡಿಯಬೇಕು, ಇತರರಿಗೂ ಕುಡಿಸಬೇಕೆಂಬುದು ರತ್ನಕರಂಡಕದ ಆದೇಶ. ಅಂದು ಕಿವಿಗೆ ವಿಧಿಸಿರುವುದು ಬರಿಯ ನಿರಶನವಲ್ಲ. ವಿಷಯದ ಶಬ್ದವನ್ನು ಬಿಡಿಸಿ ಧರ್ಮದ ಶಬ್ದವನ್ನು ಉಣಿಸುವುದು. ಧ್ವನಿಮುದ್ರಿತ ಪ್ರವಚನವೂ ಉಪಕಾರಿಯೇ, ವಿಶೇಷವಾಗಿ ಒಂಟಿಯಾಗಿರುವ ವೃದ್ಧರಿಗೆ. ಆದರೆ ಓದಬಲ್ಲ ಮಗನು ಮನೆಯಲ್ಲಿರುವಾಗ ಯಂತ್ರವು ಅವನ ಸ್ಥಾನವನ್ನು ತುಂಬಲಾರದು.

ಇದನ್ನೆಲ್ಲ ಮನಗಂಡು ಸಂಗೀತಪ್ರಿಯನಾದ ಶ್ರಾವಕನು ಜಿನಬಿಂಬದ ಸನ್ನಿಧಿಯಲ್ಲಿ ಅಥವಾ ಗುರುಸಮಕ್ಷದಲ್ಲಿ ಸಾಧ್ಯವಾದಷ್ಟು ನಿಯಮವನ್ನು ಕೈಕೊಂಡು ಬರೆದಿಡುವುದು ಶ್ರೇಯಸ್ಕರ. ಕೊಳ್ಳುವಾಗ ಒಮ್ಮೆಯೇ ವಿವೇಚಿಸಿ ಕೊಳ್ಳಲಿ. ಧ್ವನಿಯ ಗುಣವನ್ನು ಹೆಚ್ಚಾಗಿ ನಿರ್ಣಯಿಸುವುವು ಸ್ಪೀಕರ್ ಮತ್ತು ಕೋಣೆ. ಸ್ಪೀಕರನ್ನು ಮೂಲೆಯಿಂದ ಸ್ವಲ್ಪ ಈಚೆಗೆ ಸರಿಸುವುದಕ್ಕೆ, ದಪ್ಪ ಪರದೆಯನ್ನು ಇಳಿಬಿಡುವುದಕ್ಕೆ ಹೊಸ ಯಂತ್ರ ಬೇಕಿಲ್ಲ. ಎರಡನ್ನು ಹೋಲಿಸುವಾಗ ಧ್ವನಿಯ ಏರಿಕೆಯನ್ನು ಸಮಮಾಡಿ, ಯಾವುದು ಯಾವುದೆಂದು ತಿಳಿಯದಂತೆ ಕೇಳಲಿ; ತುಸು ಜೋರಾಗಿರುವುದೇ ಉತ್ತಮವೆಂದು ಕಿವಿಯು ಮೋಸಹೋಗುತ್ತದೆ. ಆ ಬಳಿಕ ಒಂದೇ ಜೋಡಣೆ, ಒಂದೇ ಚಂದಾ, ಕೆಟ್ಟರೆ ದುರಸ್ತಿ, ಇಷ್ಟು ವರ್ಷ ಬದಲಾವಣೆಯಿಲ್ಲ, ದಿನಕ್ಕೆ ಇಷ್ಟೇ ಹೊತ್ತು ಎಂದು ಗೊತ್ತುಮಾಡಲಿ. ಅಷ್ಟಮಿ, ಚತುರ್ದಶಿ ಮತ್ತು ದಶಲಕ್ಷಣದ ಹತ್ತು ದಿನ ತಂತಿಯನ್ನು ಕಿತ್ತಿಡಲಿ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬೆಲ್‌ನ್ನೂ ಮಕ್ಕಳಿಗೆ 75 ಡೆಸಿಬೆಲ್‌ನ್ನೂ ಮಿತಿಯೆಂದು ಸೂಚಿಸಿದೆ. ಸ್ವಂತ ಕಿವಿಯನ್ನೂ ನೆರೆಯವರ ನಿದ್ರೆಯನ್ನೂ ನೋಯಿಸದಿರುವುದು ಅಹಿಂಸೆಯ ಅಂಗವೇ. ಉಳಿದ ಹಣವು ಆಹಾರ, ಔಷಧ, ಶಾಸ್ತ್ರ, ಅಭಯ ದಾನಗಳಿಗೆ ಸಲ್ಲಲಿ.

ಭಗವಾನ್ ಮಹಾವೀರರಿಗೆ ಕೇವಲಜ್ಞಾನವಾದ ಮೇಲೂ 66 ದಿನ ದಿವ್ಯಧ್ವನಿಯು ಹೊರಡಲಿಲ್ಲವೆಂದು ದಿಗಂಬರ ಪರಂಪರೆಯು ಹೇಳುತ್ತದೆ. ಸಮವಸರಣವಿತ್ತು, ಸಭೆಯಿತ್ತು, ಅದನ್ನು ಗ್ರಹಿಸಬಲ್ಲ ಗಣಧರನು ಇರಲಿಲ್ಲ. ಇಂದ್ರಭೂತಿ ಗೌತಮರು ಬಂದ ಮೇಲೆ ವಿಪುಲಾಚಲದಲ್ಲಿ ಆ ಧ್ವನಿ ಮೊಳಗಿತು. ಅಂದು ಕೊರತೆಯಾಗಿದ್ದುದು ಧ್ವನಿಯದಲ್ಲ, ಯೋಗ್ಯನಾದ ಕೇಳುಗನದು. ಯಂತ್ರವನ್ನು ಉತ್ತಮಪಡಿಸುವುದಕ್ಕೆ ಕೊನೆಯಿಲ್ಲ. ಕೇಳುಗನನ್ನು ಉತ್ತಮಪಡಿಸುವುದಕ್ಕೆ ಬರುವ ಅಷ್ಟಮಿಯೇ ಆರಂಭವಾಗಬಹುದು.