‘ನಮ್ದೇ’ ಎನ್ನುವವರು ಯಾರು?

ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಗಳಲ್ಲಿ ದುಡಿಯುವ ನಮ್ಮ ಹುಡುಗರು ಲಿವರ್‌ಪೂಲ್ ಗೆದ್ದ ಮರುದಿನ ‘ನಾವು ಗೆದ್ದೆವು’ ಎನ್ನುತ್ತಾರೆ. ಅವರಲ್ಲಿ ಹೆಚ್ಚಿನವರು ಇಂಗ್ಲೆಂಡನ್ನು ಕಂಡವರಲ್ಲ. ವೈಟ್‌ಫೀಲ್ಡ್‌ನಲ್ಲಿ ಅಮೆರಿಕದ ಗಡಿಯಾರಕ್ಕೆ ತಕ್ಕಂತೆ ರಾತ್ರಿ ಪಾಳಿ ಮಾಡುವವರಲ್ಲಿ ಕೆಲವರು ಸೋಮವಾರ ನಸುಕಿಗೆ ಸೂಪರ್ ಬೌಲ್ ನೋಡುತ್ತಾರೆ. ಪೀಣ್ಯದ ಶೆಡ್ಡುಗಳಲ್ಲಿ ಲೇತ್ ನಡೆಸುವವರಿಗೆ ಇವೆರಡೂ ಬೇಡ, ‘ಈ ಸಲ ಕಪ್ ನಮ್ದೇ’ ಎಂದರೆ ಸಾಕು. ಆಡದವನು ಯಾವ ಹಕ್ಕಿನಿಂದ ‘ನಾವು’ ಎನ್ನುತ್ತಾನೆ?

ಅಮೆರಿಕದ ಫುಟ್‌ಬಾಲ್ ಪಂದ್ಯದ ಆಟದ ಗಡಿಯಾರ ಅರುವತ್ತು ನಿಮಿಷದ್ದು, ಮುಗಿಯಲು ಮೂರು ಗಂಟೆ ದಾಟುತ್ತದೆ. ಉಳಿದ ಸಮಯದಲ್ಲಿ ದೊಡ್ಡ ಪಾಲು ಜಾಹೀರಾತಿಗೆ, ತಿಂಡಿಗೆ, ಸಂಗೀತಕ್ಕೆ. ಅಲ್ಲಿ ಪ್ರೇಕ್ಷಕ ಮೊದಲು ಗ್ರಾಹಕ. ಅವನಿಗೆ ಭಾವನೆಯಿಲ್ಲವೆಂದು ನಾವು ಹೇಳುವುದಿಲ್ಲ. ಬ್ರೂಕ್ಲಿನ್‌ನ ಡಾಡ್ಜರ್ಸ್ ಬೇಸ್‌ಬಾಲ್ ತಂಡವನ್ನು ಮಾಲೀಕರು 1957ರ ನಂತರ ಲಾಸ್ ಏಂಜಲೀಸ್‌ಗೆ ಒಯ್ದಾಗ ಆ ಊರು ಅತ್ತಿತು. ಆದರೆ ತಂಡ ಹೋಯಿತು. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ಹೀಗೆಯೇ ಬೇರೆ ಊರಿಗೆ ಸಾಗಿಸಲು 2002ರಲ್ಲಿ ಒಪ್ಪಿಗೆ ಸಿಕ್ಕಾಗ ಬೆಂಬಲಿಗರು ತಮ್ಮದೇ ಕ್ಲಬ್ ಕಟ್ಟಿ ಕೆಳಗಿನ ಲೀಗಿನಿಂದ ಆಡತೊಡಗಿದರು. ಬ್ರಿಟಿಷ್ ಗ್ಯಾಲರಿಯಲ್ಲಿ ಕುಳಿತವನು ತಾನು ಟಿಕೆಟ್ ಕೊಂಡೆನೆಂದಲ್ಲ, ಆಟದಲ್ಲಿ ಪಾಲು ಹೊಂದಿದ್ದೇನೆಂದು ನಂಬುತ್ತಾನೆ.

2008ರಲ್ಲಿ ಬೆಂಗಳೂರಿಗೆ ಬಂದದ್ದು ಅಮೆರಿಕದ ಮಾದರಿ. ಹರಾಜಾದ ತಂಡಗಳು, ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಅಲ್ಲಿಂದಲೇ ಬಂದ ಚಿಯರ್‌ಲೀಡರ್‌ಗಳು, ಮರುವರ್ಷ ‘ಟೈಮ್ ಔಟ್’. ಕೊಚ್ಚಿಯ ತಂಡ 2011ರಲ್ಲಿ ಒಂದೇ ಋತುವಿಗೆ ಇಲ್ಲವಾಯಿತು. ಬೆಂಬಲಿಗರನ್ನು ಯಾರೂ ಕೇಳಲಿಲ್ಲ. ಆದರೂ ನಮ್ಮ ಜನ ಇದಕ್ಕೆ ಕೊಟ್ಟದ್ದು ಗ್ರಾಹಕನ ಮನಸ್ಸನ್ನಲ್ಲ. ಹದಿನೇಳು ಋತು ಕಪ್ ಸಿಗದ ತಂಡವನ್ನು ಗ್ರಾಹಕ ಎಂದೋ ಬಿಟ್ಟುಹೋಗುತ್ತಿದ್ದ.

ಹಾಗೆಂದು ‘ನಾವು’ ಎಂಬುದು ತಾನಾಗಿಯೇ ಒಳ್ಳೆಯದಾಗಿಬಿಡುವುದಿಲ್ಲ. 1985ರಲ್ಲಿ ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಬೆಂಬಲಿಗರು ಎದುರಾಳಿಗಳ ಮೇಲೆ ನುಗ್ಗಿ, ಗೋಡೆ ಕುಸಿದು 39 ಮಂದಿ ಸತ್ತರು. ಪ್ರವಾದಿ(ಸ)ಯವರ ಒಂಟೆ ಅದ್‌ಬಾ ಓಟದಲ್ಲಿ ಸೋಲನ್ನೇ ಕಂಡಿರಲಿಲ್ಲ. ಒಬ್ಬ ಗ್ರಾಮೀಣ ಅರಬನ ಎಳೆಯ ಒಂಟೆ ಅದನ್ನು ಹಿಂದಿಕ್ಕಿದಾಗ ಸಹಾಬಿಗಳಿಗೆ ಬಹಳ ನೋವಾಯಿತು ಎಂದು ಬುಖಾರಿಯ ವರದಿಯಲ್ಲಿದೆ. ಅವರೂ ಪ್ರೇಕ್ಷಕರೇ ತಾನೇ! ಪ್ರವಾದಿ(ಸ) ಅವರ ನೋವನ್ನು ಗೇಲಿ ಮಾಡಲಿಲ್ಲ, ಗೆದ್ದವನನ್ನು ಹಳಿಯಲೂ ಇಲ್ಲ. ಏರಿದ್ದನ್ನು ಅಲ್ಲಾಹನು ಇಳಿಸಿಯೇ ತೀರುತ್ತಾನೆ ಎಂಬರ್ಥದ ಮಾತು ಹೇಳಿದರು.

1989ರ ಎಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋದಲ್ಲಿ ಅದೇ ಲಿವರ್‌ಪೂಲಿನ ಬೆಂಬಲಿಗರು ನೂಕುನುಗ್ಗಲಿಗೆ ಸಿಕ್ಕಿದರು. ಮೃತರ ಸಂಖ್ಯೆ ಕೊನೆಗೆ 97. ಪೊಲೀಸರು, ಪತ್ರಿಕೆಗಳು ದೂರಿದ್ದು ಸತ್ತವರ ಕಡೆಯವರನ್ನೇ. ಕುಟುಂಬಗಳು ಬಿಡಲಿಲ್ಲ, ಗ್ಯಾಲರಿಯೂ ಬಿಡಲಿಲ್ಲ. ಬದ್ಧ ಎದುರಾಳಿಗಳಾದ ಎವರ್ಟನ್‌ನವರೂ ಜೊತೆ ನಿಂತರು. ಬೆಂಬಲಿಗರದ್ದು ತಪ್ಪಲ್ಲ, ಅದು ಕಾನೂನುಬಾಹಿರ ಹತ್ಯೆ ಎಂಬ ತೀರ್ಮಾನ ಬಂದದ್ದು 2016ರಲ್ಲಿ, ಇಪ್ಪತ್ತೇಳು ವರ್ಷಗಳ ಬಳಿಕ.

2025ರ ಜೂನ್ 3ರ ರಾತ್ರಿ ಕಪ್ ಕೊನೆಗೂ ‘ನಮ್ದೇ’ ಆಯಿತು. ಮರುದಿನ ಚಿನ್ನಸ್ವಾಮಿಯ ಗೇಟುಗಳ ಬಳಿ ಹನ್ನೊಂದು ಮಂದಿ ಕಾಲ್ತುಳಿತದಲ್ಲಿ ಸತ್ತರು, ಹದಿಹರೆಯದವರೂ ಅವರಲ್ಲಿದ್ದರು. ಆಗ ಒಳಗೆ ಅಭಿನಂದನೆ ನಡೆದಿತ್ತು. ಆಮೇಲೆ ಸರಕಾರ, ಪೊಲೀಸ್, ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ ಒಬ್ಬರ ಕಡೆಗೊಬ್ಬರು ಬೆರಳು ತೋರಿಸಿದರು. ಗೆದ್ದ ರಾತ್ರಿ ‘ನಮ್ದೇ’ ಎಂದ ನಾವು ನಾಲ್ಕು ದಿನ ಆ ಚರ್ಚೆಯನ್ನೂ ಒಂದು ಪಂದ್ಯದಂತೆ ನೋಡಿದೆವು. ಐದನೆಯ ದಿನ ಚಾನೆಲ್ ಬದಲಿಸಿದೆವು.