ದೀರ್ಘ ಏಕಾಗ್ರತೆಯೂ ಶ್ರಾವಕನ ಸಾಮಾಯಿಕವೂ

ಒಂದೇ ಕಾರ್ಯದಲ್ಲಿ ಮನಸ್ಸನ್ನು ಬಹುಕಾಲ ನಿಲ್ಲಿಸುವುದು ಸದ್ಗುಣವೇ, ಅಥವಾ ಕೇವಲ ಒಂದು ಶಕ್ತಿಯೇ? ಈ ಪ್ರಶ್ನೆ ಬಸದಿಯಲ್ಲಿ ಮಾತ್ರವಲ್ಲ, ಮನೆಯ ಕೋಣೆಯಲ್ಲಿಯೂ ಏಳುತ್ತದೆ. ಜನರು ‘ಹ್ಯಾಮ್’ ಎಂದು ಕರೆಯುವ ಹವ್ಯಾಸಿ ರೇಡಿಯೊ ಇದಕ್ಕೆ ಒಂದು ನಿದರ್ಶನ. ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ತಮ್ಮ ಯಂತ್ರದಿಂದ ದೂರದೇಶದವರೊಡನೆ ಸಂಭಾಷಿಸುತ್ತಾರೆ. ಅದರಿಂದ ಹಣ ಗಳಿಸುವಂತಿಲ್ಲ. 1948ರಲ್ಲಿ ಆರಂಭವಾದ ‘ಸಿಕ್ಯೂ ವರ್ಲ್ಡ್ ವೈಡ್’ ಸ್ಪರ್ಧೆಯು ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳ ಕೊನೆಯ ಪೂರ್ಣ ವಾರಾಂತ್ಯಗಳಲ್ಲಿ, ಮೊದಲು ಧ್ವನಿಯಿಂದ, ಅನಂತರ ಮೋರ್ಸ್ ಸಂಕೇತದಿಂದ, 48 ಗಂಟೆಗಳ ಕಾಲ ನಡೆಯುತ್ತದೆ. ನಮ್ಮ ದೇಶದಲ್ಲಿ ಅದು ಶನಿವಾರ ಬೆಳಗಿನ 5.30ಕ್ಕೆ ಮೊದಲಾಗಿ ಸೋಮವಾರ ಅದೇ ಹೊತ್ತಿಗೆ ಮುಗಿಯುತ್ತದೆ.

ಅರಸೀಕೆರೆಯ ಶ್ರಾವಕ ಯುವಕನೊಬ್ಬನು ಇಂಥ ಸ್ಪರ್ಧೆಗೆ ಕುಳಿತನೆಂದು ಭಾವಿಸಬಹುದು. ಮೊದಲ ದಿನಕ್ಕೆ ಉತ್ಸಾಹವೇ ಸಾಕು. ಎರಡನೆಯ ರಾತ್ರಿ ಹಾಗಲ್ಲ. ಹಗಲಿನಲ್ಲಿ ದೂರ ಸಾಗುತ್ತಿದ್ದ 10 ಮತ್ತು 15 ಮೀಟರ್ ತರಂಗಗಳು ಕ್ಷೀಣಿಸಿ, 40 ಮತ್ತು 80 ಮೀಟರ್ ತರಂಗಗಳ ಗದ್ದಲದಲ್ಲಿ ದುರ್ಬಲ ಧ್ವನಿಗಳನ್ನು ಹುಡುಕಬೇಕಾಗುತ್ತದೆ. ಕರೆಗಳು ವಿರಳವಾಗುತ್ತವೆ, ಕಣ್ಣು ಎಳೆಯುತ್ತದೆ, ‘ಇದೆಲ್ಲ ಏತಕ್ಕೆ’ ಎಂಬ ಪ್ರಶ್ನೆ ಕಾಡುತ್ತದೆ.

ಮನಸ್ಸಿನ ಈ ಮಿತಿಯನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಆಗಲೇ ಗುರುತಿಸಿದ್ದಾರೆ. ಉತ್ತಮ ಸಂಹನನವುಳ್ಳವರಿಗೂ ಒಂದೇ ವಿಷಯದಲ್ಲಿ ಚಿತ್ತವು ನಿಲ್ಲುವುದು ಅಂತರ್ಮುಹೂರ್ತ ಕಾಲ ಮಾತ್ರ. ಮುಹೂರ್ತವೆಂದರೆ ಎರಡು ಘಳಿಗೆ, 48 ನಿಮಿಷ. ಶ್ರಾವಕನ ಸಾಮಾಯಿಕಕ್ಕೆ ರೂಢಿಯಲ್ಲಿರುವ ಅವಧಿಯೂ ಅದೇ. ಹಾಗಾದರೆ 48 ಗಂಟೆಗಳ ಏಕಾಗ್ರತೆ ಎಂಬುದು ಹಗ್ಗದಂತೆ ಎಳೆದು ಉದ್ದ ಮಾಡಿದ ಒಂದೇ ಏಕಾಗ್ರತೆಯಲ್ಲ. ಮತ್ತೆ ಮತ್ತೆ ಹೊಸದಾಗಿ ಕೈಗೊಂಡ ಚಿಕ್ಕ ಚಿಕ್ಕ ಸಂಕಲ್ಪಗಳ ಮಾಲೆ. ಅರಸೀಕೆರೆಯಲ್ಲಿ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಕ್ರಿ.ಶ. 1220ರಲ್ಲಿ, ರೇಚರಸನು ಕಟ್ಟಿಸಿದ ಸಹಸ್ರಕೂಟ ಜಿನಾಲಯವಿದೆ. ಸಹಸ್ರ ಬಿಂಬಗಳನ್ನು ಕಡೆಯುವ ಶಿಲ್ಪಿಯ ಉಳಿ ಒಂದು ಸಲಕ್ಕೆ ಒಂದೇ ಬಿಂಬದ ಮೇಲೆ ನಿಲ್ಲಬಲ್ಲದು. ಅನುಭವಿಗಳಾದ ಹವ್ಯಾಸಿಗಳೂ ಉಳಿದ ಗಂಟೆಗಳನ್ನೆಲ್ಲ ಎಣಿಸದೆ ಮುಂದಿನ ಒಂದು ಗಂಟೆಗೆ ಮಾತ್ರ ಗುರಿ ಇಟ್ಟುಕೊಳ್ಳುತ್ತಾರೆ. ಹಿಂದಿನ ದಿನಗಳಲ್ಲಿ ಚೆನ್ನಾಗಿ ನಿದ್ರಿಸುತ್ತಾರೆ, ಆ್ಯಂಟೆನಾ ಮೊದಲಾದ ಸಾಧನಗಳನ್ನು ಮುಂಚೆಯೇ ಪರೀಕ್ಷಿಸುತ್ತಾರೆ, ಆಹಾರವನ್ನು ಲಘುವಾಗಿಡುತ್ತಾರೆ. ರಾತ್ರಿಭೋಜನವನ್ನು ತ್ಯಜಿಸಿದ ಮನೆಯವರಿಗೆ ಈ ಕಡೆಯ ನಿಯಮವನ್ನು ಹೇಳಿಕೊಡಬೇಕಾಗಿಲ್ಲ.

ಸಾಮಾಯಿಕದ ಐದು ಅತಿಚಾರಗಳಲ್ಲಿ ಮೊದಲ ಮೂರು ಮನಸ್ಸು, ಮಾತು, ಕಾಯಗಳ ದುಷ್ಪ್ರವೃತ್ತಿ. ಉಳಿದೆರಡು ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಅಂದರೆ ಕೈಗೊಂಡ ಕಾರ್ಯದಲ್ಲಿ ಆದರ ಕುಗ್ಗುವುದು ಮತ್ತು ಮಾಡುತ್ತಿರುವುದೇನೆಂಬ ನೆನಪು ತಪ್ಪುವುದು. ಎರಡನೆಯ ರಾತ್ರಿ ಆ ಯುವಕನನ್ನು ಕಾಡುವ ದೋಷಗಳು ಇವೇ. ಅನಾದರಕ್ಕೆ ಮದ್ದು ಬಹುಮಾನದ ಆಸೆಯಲ್ಲ. ಎದುರಿಗಿರುವ ಒಂದು ಕರೆಯನ್ನು ಸರಿಯಾಗಿ ಕೇಳಿ, ಸರಿಯಾಗಿ ಬರೆಯಬೇಕೆಂಬ ಆದರ. ಸಂಪರ್ಕಗಳ ದಾಖಲೆಯು ವ್ಯಾಪಾರಿಯ ಕಿರ್ದಿಯಿದ್ದಂತೆ. ಎದುರು ಪಕ್ಷದವರ ದಾಖಲೆಯೊಡನೆ ಅದನ್ನು ತಾಳೆ ನೋಡಲಾಗುತ್ತದೆ. ತಪ್ಪಾಗಿ ಬರೆದ ಸಂಪರ್ಕಕ್ಕೆ ಅಂಕವಿಲ್ಲ.

ಆದರೂ ಮೊದಲ ಪ್ರಶ್ನೆ ಉಳಿದೇ ಇದೆ. ನಮ್ಮ ಶಾಸ್ತ್ರವು ಆರ್ತ ಮತ್ತು ರೌದ್ರಗಳನ್ನೂ ಧ್ಯಾನವೆಂದೇ ಕರೆದಿದೆ. ಕಳ್ಳನಿಗೂ ಲೋಭಿಗೂ ಏಕಾಗ್ರತೆಯುಂಟು. ಅನುಮತಿಗಿಂತ ಹೆಚ್ಚಿನ ವಿದ್ಯುಚ್ಛಕ್ತಿಯಿಂದ ಇತರರ ಧ್ವನಿಯನ್ನು ಅಡಗಿಸುವವನೂ ನಿದ್ದೆಗೆಟ್ಟೇ ಕುಳಿತಿರುತ್ತಾನೆ. ಆದ್ದರಿಂದ ಏಕಾಗ್ರತೆಯ ಬೆಲೆಯನ್ನು ಅದರ ಅವಧಿಯಿಂದ ಅಳೆಯಲಾಗದು. ಕರ್ತವ್ಯ ಕರೆದಾಗ ಕುಳಿತವನು ಏಳಬಲ್ಲನೇ ಎಂಬುದೇ ಅದರ ಒರೆಗಲ್ಲು.

2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು ಅಂಡಮಾನಿನ ಅಂದಿನ ಪೋರ್ಟ್ ಬ್ಲೇರ್‌ನಲ್ಲಿ ಕೇಂದ್ರ ಸ್ಥಾಪಿಸಿ ಜಗತ್ತಿನ ಹವ್ಯಾಸಿಗಳೊಡನೆ ಸಂಪರ್ಕ ಸಾಧಿಸುತ್ತಿದ್ದರು. ಅದು ಸ್ಪರ್ಧೆಯಲ್ಲದಿದ್ದರೂ ಹಗಲಿರುಳು ಸಂಪರ್ಕಗಳನ್ನು ಕೂಡಿಸುವ ಅಂಥದೇ ಶ್ರಮ. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿತು. ಎಣಿಕೆ ಅಲ್ಲಿಗೇ ನಿಂತಿತು; ಅದೇ ಯಂತ್ರ, ಅದೇ ಕಿವಿ, ಅದೇ ತಾಳ್ಮೆ ದ್ವೀಪದ ಜನರ ಕ್ಷೇಮಸಮಾಚಾರವನ್ನು ಹೊರಗೆ ತಲುಪಿಸುವುದಕ್ಕೆ ತಿರುಗಿದವು. ಹವ್ಯಾಸದಲ್ಲಿ ಗಳಿಸಿದ ಏಕಾಗ್ರತೆಯು ಕರುಣೆಯ ಕೈಗೆ ಸಾಧನವಾಯಿತು. ಮನೆಯ ಹಿರಿಯರು ರೇಡಿಯೊ ಮುಂದೆ ಕುಳಿತ ಮಗನನ್ನು ಗದರುವ ಮೊದಲು, ಆ ಮಗನು ಹಿರಿಯರ ಕರೆಯನ್ನು ಕಡೆಗಣಿಸುವ ಮೊದಲು, ಇದನ್ನು ನೆನೆಯುವುದು ಒಳಿತು.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದ ವಿಷ್ಣುವರ್ಧನನ ಕಾಲದಲ್ಲಿಯೇ, ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಗಂಗರಾಜನ ಮಗ ಬೊಪ್ಪನು ತಂದೆಯ ನೆನಪಿಗಾಗಿ ಕ್ರಿ.ಶ. 1133ರಲ್ಲಿ ಪಾರ್ಶ್ವನಾಥ ಬಸದಿಯನ್ನು ನಿರ್ಮಿಸಿದನು. ಯುದ್ಧದಲ್ಲಿ ಗೆದ್ದ ಸಂತೋಷದಲ್ಲಿದ್ದ ಅರಸನು ಅಲ್ಲಿಯ ಸ್ವಾಮಿಗೆ ವಿಜಯ ಪಾರ್ಶ್ವನೆಂಬ ಹೆಸರನ್ನಿತ್ತನು. ಅರಸನ ಆ ವಿಜಯ ಇಂದು ಶಾಸನದ ಸಾಲುಗಳಲ್ಲಿ ಮಾತ್ರ ಉಳಿದಿದೆ. ಯಾರನ್ನೂ ಸೋಲಿಸದೆ ತನ್ನನ್ನೇ ಗೆದ್ದ ಸ್ವಾಮಿಯು ಕಾಯೋತ್ಸರ್ಗದಲ್ಲಿ ಇಂದಿಗೂ ನಿಂತಿದ್ದಾನೆ.