ಎಲ್ಲರ ಬಸ್ಸು, ಯಾರ ಹೊಣೆ?



ನಮ್ಮೂರಿನ ಆಟಗಾರ ಮಕ್ಕಳಿಗಾಗಿ ಹಳೆಯ ಬಸ್ಸೊಂದನ್ನು ಕೊಂಡ ಸಂಗತಿ ಅಕ್ಕಲಕೋಟೆಯ ಸುತ್ತಲಿನ ಹಲವರಿಗೆ ಗೊತ್ತಿದೆ. ಈಗ ನೆರೆಯ ಊರುಗಳ ತರುಣರು ಬಂದು, "ನಾವೂ ಒಂದು ಕೊಳ್ಳಬೇಕಂತೀವಿ, ನೀವು ಹ್ಯಾಂಗ ಮಾಡಿದ್ರಿ?" ಎಂದು ಕೇಳುತ್ತಿದ್ದಾರೆ. ಹೇಗೆ ಕೊಂಡೆವು ಎಂದು ಹೇಳುವುದು ಸುಲಭ. ಕೊಂಡ ಮೇಲೆ ನಾವು ಹೇಗೆ ನಡೆದುಕೊಂಡೆವು ಎಂದು ಹೇಳುವುದು ಅಷ್ಟು ಸುಲಭವಲ್ಲ. ಆದರೆ ಅದನ್ನು ಮುಚ್ಚಿಟ್ಟು ಬರಿಯ ಲೆಕ್ಕಪತ್ರ ಕೊಟ್ಟರೆ ಕೇಳಿದವರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಆದ್ದರಿಂದ ಎರಡನ್ನೂ ಬರೆಯುತ್ತಿದ್ದೇವೆ.

ಕಬಡ್ಡಿಯಲ್ಲಿ ಅಂಗಳಕ್ಕಿಳಿಯುವವರು ಏಳು ಮಂದಿ, ಬದಲಿಗೆ ಐದು ಮಂದಿ. ನಮ್ಮಲ್ಲಿ ಹುಡುಗರ ಕಬಡ್ಡಿ ತಂಡದ ಜೊತೆಗೆ ಹೆಣ್ಣುಮಕ್ಕಳ ಖೋ-ಖೋ ತಂಡವೂ ಇದೆ. ಕಲಿಸುವ ಗುರುಗಳು, ಮಕ್ಕಳ ಜೊತೆಗೆ ಹೋಗುವ ತಾಯಂದಿರು ಸೇರಿದರೆ ಮೂವತ್ತು ಜನ. ಸೊಲ್ಲಾಪುರಕ್ಕೋ ಸಾಂಗಲಿಗೋ ವಿಜಯಪುರಕ್ಕೋ ಪಂದ್ಯಕ್ಕೆ ಹೋಗಬೇಕಾದರೆ ಬಾಡಿಗೆ ಜೀಪುಗಳಲ್ಲಿ ಒಬ್ಬರ ಮೇಲೊಬ್ಬರು ತುಂಬಿಕೊಂಡು ಹೋಗುತ್ತಿದ್ದರು. ಇದನ್ನು ನೋಡಲಾರದೆ ಒಂದು ವರ್ಷ ತೊಗರಿಯ ರಾಶಿ ಮುಗಿದ ಮೇಲೆ ಹಿರಿಯರು ಕೂಡಿದರು. ಅಡತಿ ಅಂಗಡಿಯವರೊಬ್ಬರು ಅರ್ಧ ಹಣ ಕೊಡುವುದಾಗಿ ಒಪ್ಪಿದರು. ಉಳಿದದ್ದಕ್ಕೆ ಮನೆಮನೆಯ ವರ್ಗಣಿ ಬಂತು. ಹೊಸ ಬಸ್ಸು ನಮ್ಮ ಕೈಗೆ ನಿಲುಕದ ಮಾತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಳೆಯದನ್ನೇ ಕೊಳ್ಳಲು ನಿಶ್ಚಯಿಸಿದೆವು.

ಹಳೆಯದನ್ನು ಕೊಳ್ಳುವುದರಲ್ಲಿ ತಪ್ಪಿಲ್ಲ. ನಮ್ಮ ರೈತರು ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ, ನಡೆಸಿ ಗೊರಸು ನೋಡುತ್ತಾರೆ, ಹೆಗಲ ಮೇಲೆ ಕೈಯಾಡಿಸುತ್ತಾರೆ. ವಯಸ್ಸಾದ ಎತ್ತೆಂದು ಬಿಟ್ಟುಬಿಡುವುದಿಲ್ಲ. ಯಾವ ಕೆಲಸಕ್ಕೆ ಆದೀತೆಂದು ತೂಗಿ ನೋಡುತ್ತಾರೆ. ಬಸ್ಸಿಗೂ ಅದೇ ನ್ಯಾಯ. ಮುಂಜಾನೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ರೋಗ ಹೇಳುವುದಿಲ್ಲ. ನೀಲಿ ಹೊಗೆ ಬಿಡುತ್ತಿದ್ದರೆ ಅದು ಆಯಿಲ್ ಕುಡಿಯುವ ಎಂಜಿನ್. ಟೈರಿನ ಪಕ್ಕದಲ್ಲಿ ಒತ್ತಿದ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ: 2317 ಎಂದಿದ್ದರೆ 2017ನೆಯ ಇಸವಿಯ 23ನೆಯ ವಾರ. ಹಲ್ಲು ಚೆನ್ನಾಗಿದ್ದರೂ ವಯಸ್ಸಾದ ರಬ್ಬರು ಬಿರುಕು ಬಿಟ್ಟಿರುತ್ತದೆ. ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಆರ್‌ಸಿಯ ಜೊತೆ ತಾಳೆ ನೋಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೆಲದ ಹಾಸು ಎತ್ತಿಸಿ ನೋಡಬೇಕು.

ಈ ಕೊನೆಯ ಮಾತು ನಾವು ಅನುಭವದಿಂದ ಕಲಿತದ್ದು. ಮೊದಲು ನೋಡಿದ ಬಸ್ಸು ಹೊಸ ಬಣ್ಣದಿಂದ ಮದುಮಗನಂತೆ ಹೊಳೆಯುತ್ತಿತ್ತು. ಮುಂಗಡ ಕೊಡಲು ಕೈ ಜೇಬಿಗೆ ಹೋಗಿತ್ತು. ನಮ್ಮ ಜೊತೆಗಿದ್ದ ಮೇಸ್ತ್ರಿ ಸುಮ್ಮನೆ ಹಿಂದಿನ ಸೀಟಿನ ಕೆಳಗಿನ ಹಾಸು ಎತ್ತಿದ. ಕಿಟಕಿಯ ಕಂಬಗಳ ಬುಡ ತುಕ್ಕು ತಿಂದು ಹಪ್ಪಳದಂತಾಗಿತ್ತು. ಬಸ್ಸು ಉರುಳಿದರೆ ಛಾವಣಿಯನ್ನು ಹೊರಬೇಕಾದ ಕಂಬಗಳು ಅವು. ಮಾರುವವರನ್ನು ಕೇಳಿದೆವು. "ನೀವು ಕೇಳಲಿಲ್ಲ, ನಾವು ಹೇಳಲಿಲ್ಲ" ಎಂದರು.

ನಮ್ಮ ಓದುಗರಲ್ಲಿ ವ್ಯಾಪಾರಸ್ಥರು ಬಹಳ ಮಂದಿ. ಈ ಮಾತು ಅವರಿಗೆ ಹೊಸದಲ್ಲ. ಕೊಳ್ಳುವವನಿಗೆ ಕಣ್ಣಿದೆ, ನೋಡಿ ಕೊಳ್ಳಲಿ ಎಂಬುದು ಪೇಟೆಯ ರೂಢಿ. ಜೋಳದ ಚೀಲಕ್ಕೆ ಈ ರೂಢಿ ನಡೆದೀತು. ಮೋಸಹೋದವನು ಒಂದು ಚೀಲದ ನಷ್ಟ ಅನುಭವಿಸಿ ಮುಂದಿನ ಸಲ ಎಚ್ಚರವಾಗುತ್ತಾನೆ. ಆದರೆ ಬಸ್ಸಿನ ಮಾತು ಬೇರೆ. ಇಲ್ಲಿ ಮಾತುಕತೆ ನಡೆಯುವುದು ಇಬ್ಬರ ನಡುವೆ, ಅಪಾಯ ಬೀಳುವುದು ಮೂರನೆಯವರ ಮೇಲೆ. ಕಿಟಕಿಯ ಪಕ್ಕ ನಿದ್ದೆಹೋದ ಹುಡುಗಿ ಈ ವ್ಯಾಪಾರದಲ್ಲಿ ಬೆಲೆ ಕೇಳಿದವಳಲ್ಲ, ಹೇಳಿದವಳಲ್ಲ. ಅವಳಿಗೆ ಹಾಸು ಎತ್ತಿ ನೋಡುವ ಅಧಿಕಾರವಿಲ್ಲ. ದೊಡ್ಡವರು ನೋಡಿರುತ್ತಾರೆಂದು ನಂಬಿ ಹತ್ತಿ ಕೂತಿದ್ದಾಳೆ, ಅಷ್ಟೆ. ಆದ್ದರಿಂದ ಮಾರುವವನು ಕೇಳದಿದ್ದರೂ ಹೇಳಬೇಕು. ಕೊಳ್ಳುವವನು ಹೇಳದಿದ್ದರೂ ನೋಡಬೇಕು. ಒಬ್ಬನ ತಪ್ಪು ಇನ್ನೊಬ್ಬನ ತಪ್ಪನ್ನು ಅಳಿಸುವುದಿಲ್ಲ. ದಾನಿಯೊಬ್ಬರು ಪುಕ್ಕಟೆಯಾಗಿ ಬಸ್ಸು ಕೊಟ್ಟರೂ ಇದೇ ಮಾತು. ದಾನದ ಎಮ್ಮೆಯ ಹಲ್ಲು ನೋಡಬಾರದೆನ್ನುವವರುಂಟು, ಮಕ್ಕಳು ಕೂರುವ ಬಸ್ಸಿನ ಹಲ್ಲನ್ನು ಮಾತ್ರ ನೋಡಿಯೇ ತೀರಬೇಕು.

ಕಡೆಗೆ ಕರ್ನಾಟಕದ ಕಡೆಯಿಂದ 32 ಆಸನಗಳ ಬಸ್ಸೊಂದು ಸಿಕ್ಕಿತು. ಗಡಿಯಲ್ಲಿರುವ ನಮಗೆ ಕಾಗದಪತ್ರದ ಕೆಲಸವೂ ಇಮ್ಮಡಿ. ಮೂಲ ಆರ್‌ಟಿಓ ಕಚೇರಿಯಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ಮಾಲೀಕತ್ವದ ವರ್ಗಾವಣೆಗೆ ಫಾರಂ 29 ಮತ್ತು 30, ಈ ರಾಜ್ಯದ ತೆರಿಗೆ, ಹೊಸ ನೋಂದಣಿ ಸಂಖ್ಯೆ. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಹೊಸ ನಂಬರು ಪಡೆಯಲೇಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಎಂಟು ವರ್ಷ ದಾಟಿದ ಸಾರಿಗೆ ವಾಹನವನ್ನು ಪ್ರತಿವರ್ಷ ಪಾಸಿಂಗ್ ಮಾಡಿಸಬೇಕು. ವಿಮೆಯನ್ನೂ ನಮ್ಮ ಹೆಸರಿಗೆ ಮಾಡಿಸಿಕೊಂಡೆವು. "ಹಳೇ ಹೆಸರಿನ ಮ್ಯಾಲೇ ಓಡಸ್ರಿ, ಯಾರು ಕೇಳ್ತಾರ" ಎಂದು ದಲಾಲರು ಹೇಳಿದ್ದುಂಟು. ಅಪಘಾತವಾದ ದಿನ ಎಲ್ಲರೂ ಕೇಳುತ್ತಾರೆ.

ಇಷ್ಟರವರೆಗೆ ನಾವು ಸರಿಯಾಗಿಯೇ ನಡೆದೆವು. ತಪ್ಪಿದ್ದು ಮುಂದೆ.

ಬಸ್ಸು ಊರಿಗೆ ಬಂದ ದಿನ ಮಾಲೆ ಹಾಕಿದೆವು, ತೆಂಗಿನಕಾಯಿ ಒಡೆದೆವು. ಹಣ ಕೊಟ್ಟವರ ಹೆಸರುಗಳನ್ನು ಪಕ್ಕದಲ್ಲಿ ಬರೆಸಿದೆವು. ಮೊದಲ ವರ್ಷ ಎಲ್ಲರೂ ಅದನ್ನು ತೊಳೆಯುವವರೇ. ಎರಡನೆಯ ವರ್ಷ ಪಂದ್ಯಗಳ ಕಾಲ ಮುಗಿದ ಮೇಲೆ ಬಸ್ಸು ಗೋದಾಮಿನ ಹಿಂದೆ ಬೇವಿನ ಮರದ ಕೆಳಗೆ ನಿಂತಿತು. ತಂಡದ ಬಸ್ಸಿನ ಸ್ವಭಾವವೇ ಹಾಗೆ. ವರ್ಷದಲ್ಲಿ ಕೆಲವು ತಿಂಗಳು ಓಡಿದರೆ ಉಳಿದ ತಿಂಗಳು ನಿಲ್ಲುತ್ತದೆ. ಓಡುವ ಗಾಡಿ ಸವೆಯುತ್ತದೆ, ನಿಂತ ಗಾಡಿ ಕೊಳೆಯುತ್ತದೆ. ಬ್ಯಾಟರಿ ಇಳಿಯುತ್ತದೆ. ಒಂದೇ ಮಗ್ಗುಲಲ್ಲಿ ಭಾರ ಹೊತ್ತ ಟೈರು ಸೊಟ್ಟಗಾಗುತ್ತದೆ. ಡೀಸೆಲ್ ಟ್ಯಾಂಕಿನಲ್ಲೂ ಬ್ರೇಕಿನ ಗಾಳಿ ಟ್ಯಾಂಕಿನಲ್ಲೂ ನೀರು ಕೂಡುತ್ತದೆ. ಇಲಿಗಳು ವೈರು ಕಡಿಯುತ್ತವೆ. ಇದೆಲ್ಲ ಊರಿನ ಪ್ರತಿಯೊಬ್ಬನಿಗೂ ತಿಳಿದದ್ದೇ. ಪ್ರತಿಯೊಬ್ಬನೂ ಇನ್ನೊಬ್ಬನು ನೋಡಿಕೊಳ್ಳುತ್ತಾನೆಂದು ತಿಳಿದನು. ನಾವೂ ಹಾಗೆಯೇ ತಿಳಿದೆವು.

ದಸರೆಯ ನಂತರ ಪಂದ್ಯಕ್ಕೆ ಕರೆ ಬಂತು. ತುಳಜಾಪುರದ ಆಚೆ ಹೋಗಬೇಕಿತ್ತು. ಹೋಗುವಾಗ ಘಾಟು ಏರಬೇಕು, ಬರುವಾಗ ರಾತ್ರಿಯಲ್ಲಿ ಇಳಿಯಬೇಕು. ಹುಡುಗರು ನೂಕಿ ಬಸ್ಸನ್ನು ಸ್ಟಾರ್ಟ್ ಮಾಡಿದರು. ಎಲ್ಲರೂ ಹತ್ತಿ ಕೂತರು. ಡ್ರೈವರ್ ಮಾತ್ರ ಗಾಳಿಯ ಮುಳ್ಳನ್ನೇ ನೋಡುತ್ತ ಕೂತಿದ್ದ. ಬ್ರೇಕ್ ತುಳಿದು ಹಿಡಿದಾಗಲೆಲ್ಲ ಮುಳ್ಳು ಕೆಳಗಿಳಿಯುತ್ತಿತ್ತು. ಇಳಿದು ಬಂದು, "ಸಾಹುಕಾರ್ರ, ಗಾಳಿ ನಿಲ್ಲವಲ್ದರೀ. ಮಕ್ಕಳನ್ನ ಕೂಡಿಸ್ಕೊಂಡು ಈ ಗಾಡಿ ನಾ ಒಯ್ಯೂದಿಲ್ಲ" ಎಂದ.

ಅಲ್ಲಿ ನೆರೆದ ಹಿರಿಯರು ಸಿಟ್ಟಾದರು. ಒಂದು ವರ್ಷದ ಅಭ್ಯಾಸ ಹಾಳಾಗುತ್ತದೆಂದರು. ಅವನಿಗೆ ಹೋಗಲು ಮನಸ್ಸಿಲ್ಲ, ನೆಪ ಹೇಳುತ್ತಾನೆಂದರು. ನಾವು ಸಿಟ್ಟಾಗಲಿಲ್ಲ. ಆದರೆ ನಾವು ಆಡಿದ ಮಾತು ಸಿಟ್ಟಿಗಿಂತ ಕೆಟ್ಟದ್ದು. "ನಿಧಾನ ಹೋಗಪ್ಪಾ, ಏನೂ ಆಗೂದಿಲ್ಲ" ಎಂದೆವು. ಅವನು ಕೀಲಿಯನ್ನು ನಮ್ಮ ಕೈಗಿಟ್ಟು ನಡೆದುಬಿಟ್ಟ. ಪಂದ್ಯ ತಪ್ಪಿತು. ಮಕ್ಕಳು ಅತ್ತರು. ಮರುದಿನ ಮೇಸ್ತ್ರಿ ಚಕ್ರ ಬಿಚ್ಚಿದ. ಬ್ರೇಕ್ ಚೇಂಬರಿನ ರಬ್ಬರು ಹರಿದಿತ್ತು, ಹಿಂದಿನ ಲೈನರುಗಳು ರಿವೆಟ್ಟಿನ ಮಟ್ಟಕ್ಕೆ ಸವೆದಿದ್ದವು.

ಆ ರಾತ್ರಿ ಘಾಟಿನಲ್ಲಿ ಏನಾಗುತ್ತಿತ್ತೆಂದು ಇಲ್ಲಿ ಬರೆಯುವುದಿಲ್ಲ. ಬೇರೊಂದು ದೇಶದಲ್ಲಿ ಆದದ್ದನ್ನು ಹೇಳುತ್ತೇವೆ. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿ ಬಾಥರ್ಸ್ಟ್ ಎಂಬ ಊರಿದೆ. 2008ರ ಜನವರಿ 12ರಂದು ನಡುರಾತ್ರಿ ಕಳೆದ ಮೇಲೆ ಅಲ್ಲಿಯ ಶಾಲೆಯ ಬಾಸ್ಕೆಟ್‌ಬಾಲ್ ತಂಡ ಪಂದ್ಯ ಮುಗಿಸಿ ವ್ಯಾನಿನಲ್ಲಿ ಮರಳುತ್ತಿತ್ತು. ಓಡಿಸುತ್ತಿದ್ದವರು ದಿನವೆಲ್ಲ ದುಡಿದಿದ್ದ ತರಬೇತುದಾರರೇ. ರಸ್ತೆ ಹಿಮದಿಂದ ಜಾರುತ್ತಿತ್ತು. ವ್ಯಾನು ಎದುರಿನ ಲಾರಿಯ ದಾರಿಗೆ ಜಾರಿತು. ಏಳು ಹುಡುಗರೂ ತರಬೇತುದಾರರ ಪತ್ನಿಯೂ ತೀರಿಕೊಂಡರು. ಟೈರುಗಳು ಸವೆದಿದ್ದವು, ಬ್ರೇಕುಗಳು ಸರಿಯಿರಲಿಲ್ಲ, ಆ ಸ್ಥಿತಿಯಲ್ಲಿ ವ್ಯಾನು ತಪಾಸಣೆಯಲ್ಲಿ ಪಾಸಾಗುತ್ತಿರಲಿಲ್ಲವೆಂದು ವಿಚಾರಣೆಯಲ್ಲಿ ತಿಳಿಯಿತು. ಅಲ್ಲಿಯೂ ಯಾರೂ ಕೆಟ್ಟವರಲ್ಲ. ಮಕ್ಕಳನ್ನು ಆಡಿಸಬೇಕೆಂಬ ಪ್ರೀತಿ ಇದ್ದವರೇ. ಪ್ರೀತಿಯೊಂದೇ ಬ್ರೇಕು ಹಿಡಿಯುವುದಿಲ್ಲ.

ಕೊಡುವುದು ದೊಡ್ಡದೋ, ಕೊಟ್ಟದ್ದನ್ನು ಕಾಪಾಡುವುದು ದೊಡ್ಡದೋ? ಸೊಲ್ಲಾಪುರದ ಕೆರೆಯ ದಂಡೆಯಲ್ಲಿ ನಿಂತವರೆಲ್ಲ ಅದನ್ನು ಕಟ್ಟಿಸಿದ ಸಿದ್ಧರಾಮೇಶ್ವರರನ್ನು ನೆನೆಯುತ್ತಾರೆ. ನೆನೆಯಲೇಬೇಕು. ಆದರೆ ಯಾವ ಕೆರೆಯೂ ಕಟ್ಟಿದ ದಿನದ ಬಲದಿಂದಲೇ ಶತಮಾನಗಳ ಕಾಲ ನೀರು ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಹೂಳು ಹೊತ್ತವರು, ಒಡ್ಡಿಗೆ ಮಣ್ಣು ಹಾಕಿದವರು ಇರಲೇಬೇಕು. ಅವರ ಹೆಸರು ಯಾವ ಕಲ್ಲಿನಲ್ಲೂ ಇರುವುದಿಲ್ಲ. ನಮ್ಮಲ್ಲಿ ದಾಸೋಹವೆಂದರೆ ಕೈಯೆತ್ತಿ ಕೊಡುವುದೆಂದು ತಿಳಿದವರು ಹೆಚ್ಚು. ಕಾಯಕವಿಲ್ಲದ ದಾಸೋಹ ಅರ್ಧವೇ. ಬಸ್ಸು ಕೊಳ್ಳಲು ಹಣ ಕೊಡುವುದು ಒಂದು ದಿನದ ಕೆಲಸ. ಅದಕ್ಕೆ ಗ್ರೀಸು ಹಾಕುವುದು ಎಂದೂ ಮುಗಿಯದ ಕೆಲಸ.

ಇನ್ನೊಂದು ಮಾತು. ಎಲ್ಲರದ್ದು ಎಂದು ಹೇಳಿದ ವಸ್ತು ಯಾರದ್ದೂ ಅಲ್ಲವಾಗುತ್ತದೆ. ಇದಕ್ಕೆ ಜನರ ದುಷ್ಟತನ ಕಾರಣವಲ್ಲ. ಹೊಣೆಯನ್ನು ಮೂವತ್ತು ಪಾಲು ಮಾಡಿದರೆ ಒಬ್ಬೊಬ್ಬನ ಪಾಲು ಕಣ್ಣಿಗೇ ಕಾಣದಷ್ಟು ಸಣ್ಣದಾಗುತ್ತದೆ. ಒಡೆತನವನ್ನು ಹಂಚಿಕೊಳ್ಳಬಹುದು, ಹೊಣೆಯನ್ನು ಒಬ್ಬನ ಹೆಸರಿಗೆ ಬರೆಯಬೇಕು.

ಆದ್ದರಿಂದ ನಮ್ಮನ್ನು ಕೇಳಿದ ತರುಣರಿಗೆ ಹೇಳುವುದಿಷ್ಟು. ಕೂಡಿದ ಹಣವನ್ನೆಲ್ಲ ಬಸ್ಸಿಗೇ ಸುರಿಯಬೇಡಿ. ಮೊದಲ ವರ್ಷದ ಟೈರು, ಬ್ರೇಕು, ವಿಮೆ, ಪಾಸಿಂಗಿನ ಹಣವನ್ನು ಬೇರೆ ಖಾತೆಯಲ್ಲಿಟ್ಟು, ಉಳಿದದ್ದರಲ್ಲಿ ಸಿಗುವ ಬಸ್ಸನ್ನು ಕೊಳ್ಳಿರಿ. ಅಷ್ಟಕ್ಕೆ ಒಳ್ಳೆಯದು ಸಿಗದಿದ್ದರೆ ಇನ್ನೊಂದು ಸುಗ್ಗಿಯವರೆಗೆ ಕಾಯಿರಿ. 15 ವರ್ಷ ದಾಟಿದ ಸರ್ಕಾರಿ ವಾಹನಗಳನ್ನು, ಸಾರಿಗೆ ನಿಗಮಗಳ ಬಸ್ಸುಗಳನ್ನೂ ಸೇರಿಸಿ, ರಸ್ತೆಗೆ ಬಿಡಬಾರದೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸರ್ಕಾರವೇ ಸಾಕೆಂದ ವಯಸ್ಸಿನ ಗಾಡಿಯನ್ನು ಅಗ್ಗವೆಂದು ಮಕ್ಕಳಿಗಾಗಿ ತರುವ ಮೊದಲು ಎರಡು ಸಲ ಯೋಚಿಸಿರಿ. ಒಬ್ಬರನ್ನು ಹೊಣೆಗಾರರನ್ನಾಗಿ ನೇಮಿಸಿ ಒಂದು ವಹಿ ಕೊಡಿರಿ. ಆಯಿಲ್ ಬದಲಿಸಿದ್ದು, ಗಾಳಿ ಟ್ಯಾಂಕಿನ ನೀರು ಬಿಟ್ಟದ್ದು, ನಿಂತ ತಿಂಗಳಲ್ಲಿ ಒಂದಿಷ್ಟು ದೂರ ಓಡಿಸಿ ತಂದದ್ದು, ಎಲ್ಲವೂ ತಾರೀಖಿನೊಡನೆ ಅದರಲ್ಲಿ ಬರಲಿ. ಹಗಲೆಲ್ಲ ದುಡಿದವನ ಕೈಗೆ ರಾತ್ರಿಯ ಸ್ಟೇರಿಂಗ್ ಕೊಡಬೇಡಿ. ಮತ್ತು ಒಯ್ಯುವುದಿಲ್ಲವೆಂದು ಡ್ರೈವರ್ ಹೇಳಿದರೆ ಅದೇ ಕೊನೆಯ ಮಾತಾಗಲಿ. ಹಣ ಕೊಟ್ಟ ಸಾಹುಕಾರರಾಗಲಿ, ನಮ್ಮಂಥ ಹಿರಿಯರಾಗಲಿ ಅದರ ಮೇಲೆ ಮಾತಾಡಕೂಡದು.

ಅವನ ಮನೆಗೆ ನಾವು ನಾಲ್ಕು ದಿನ ಬಿಟ್ಟು ಹೋದೆವು. ಮೊದಲೇ ಹೋಗಬೇಕಿತ್ತು. ಕೀಲಿಯನ್ನು ಕೈಯಲ್ಲಿಟ್ಟು, "ತಪ್ಪು ನಮ್ಮದಪ್ಪಾ" ಎಂದೆವು. ಅವನು ಏನೂ ಅನ್ನಲಿಲ್ಲ. ಚಹಾ ಕುಡಿಸಿ, "ಲೈನರ್ ಹೊಸಾವು ಹಾಕಸೀರೇನ್ರೀ?" ಎಂದಷ್ಟೇ ಕೇಳಿದ. ಈಗ ವಹಿ ಅವನ ಕೈಯಲ್ಲಿದೆ. ಬಸ್ಸು ಹತ್ತುವ ಮೊದಲು ಮಕ್ಕಳು ಅದನ್ನು ತೆರೆದು ನೋಡುವುದನ್ನು ಕಲಿತಿದ್ದಾರೆ. ನಿಮ್ಮ ಊರಿಗೆ ಬಸ್ಸು ಬರುವ ಮೊದಲು ಇಂಥದೊಂದು ವಹಿ ಬರಲಿ ಎಂಬುದೇ ನಮ್ಮ ಬಿನ್ನಹ.